ಎವ್ಲೋಗಿ ಕಂಡ ಉಸಿರು

ನಮ್ಮ ಸ್ತುಬ್ಲೆನ್ ಪೇಟೆಯಲ್ಲಿ ಕನ್ನಡಕದ ಅಂಗಡಿ ಇರುವುದು ಒಂದೇ, ಅದು ಎವ್ಲೋಗಿಯದು. ಅದಕ್ಕೆ ಅಂಟಿಕೊಂಡೇ ಬೂಟು ರಿಪೇರಿ ಅಂಗಡಿ ಇದೆ, ಅದು ನನ್ನದು. ನಮ್ಮಿಬ್ಬರ ನಡುವಿನ ಗೋಡೆ ಎಷ್ಟು ತೆಳುವೆಂದರೆ, ಅವನು ಗಿರಾಕಿಯನ್ನು ಕೂರಿಸಿ ‘ಕೊನೇ ಸಾಲು ಓದಿ’ ಎಂದಾಗ, ಗಿರಾಕಿ ತಡವರಿಸಿದರೆ ನಾನೇ ಈ ಕಡೆಯಿಂದ ಬಾಯಿಪಾಠ ಒಪ್ಪಿಸಿದ್ದುಂಟು. ಹೀಗೆ ಕಣ್ಣು ಸರಿಯಿದೆ ಎನಿಸಿಕೊಂಡು ಕನ್ನಡಕವಿಲ್ಲದೆ ಮನೆಗೆ ಹೋದವರು ಊರಲ್ಲಿ ಇನ್ನೂ ಕಂಬಗಳಿಗೆ ಡಿಕ್ಕಿ ಹೊಡೆದುಕೊಂಡು ಓಡಾಡುತ್ತಿದ್ದಾರೆ.

ವಾರದ ದಿನಗಳಲ್ಲಿ ಕನ್ನಡಕ ಮಾರುವ ಎವ್ಲೋಗಿ ಭಾನುವಾರ ಜಿಲ್ಲಾ ಲೀಗಿನ ಫುಟ್‌ಬಾಲ್ ಪಂದ್ಯಗಳಿಗೆ ರೆಫ್ರಿಯಾಗಿ ಹೋಗುತ್ತಿದ್ದ. ಈ ಎರಡು ಕಸುಬು ಒಬ್ಬನೇ ಮನುಷ್ಯನ ಹತ್ತಿರ ಇರಬಾರದು. ದರ್ಜಿಯೋ ಕ್ಷೌರಿಕನೋ ರೆಫ್ರಿಯಾಗಿದ್ದರೆ ಜನ ಭಾನುವಾರ ಬೈದು ಸೋಮವಾರ ಮರೆಯುತ್ತಾರೆ. ಕನ್ನಡಕದವನು ಒಂದು ಆಫ್‌ಸೈಡ್ ಬಿಟ್ಟರೆ ಸೋಮವಾರ ಅಂಗಡಿಯಲ್ಲಿ ನೊಣವೂ ಇರುವುದಿಲ್ಲ. ತನ್ನ ಕಣ್ಣೇ ಕಾಣದವನು ನಮಗೇನು ಕಾಣಿಸಿಯಾನು ಎಂಬುದು ಜನರ ನ್ಯಾಯ. ಆದ್ದರಿಂದ ಎವ್ಲೋಗಿ, ‘ನಾನು ನೋಡಲಿಲ್ಲ’ ಎಂಬ ಮಾತನ್ನು ಜನ್ಮದಲ್ಲಿ ಆಡಬಾರದೆಂದು ತೀರ್ಮಾನಿಸಿದ್ದ. ಇದು ಅವನ ಮೊದಲನೆಯ ತಾಪತ್ರಯ.

ಎರಡನೆಯದು ಇಂಗ್ಲಿಷ್. ಒಂದು ಚಳಿಗಾಲ ಸಂಜೆಯ ತರಗತಿಗೆ ಹೋಗಿ ಆ ಭಾಷೆಯನ್ನು ಅರ್ಧಂಬರ್ಧ ಕಲಿತುಬಂದಿದ್ದ. ಫುಟ್‌ಬಾಲ್ ನಿಯಮಗಳನ್ನು ಮೂಲದಲ್ಲೇ ಓದಿದವನು ಜಿಲ್ಲೆಗೆಲ್ಲ ತಾನೊಬ್ಬನೇ ಎಂದು ಹೇಳಿಕೊಳ್ಳುತ್ತಿದ್ದ. ಇದು ಸುಳ್ಳೆಂದು ಸಾಧಿಸಲು ಇನ್ನೊಬ್ಬನಿಗೆ ಇಂಗ್ಲಿಷ್ ಬರಬೇಕಿತ್ತು. ಬರುತ್ತಿರಲಿಲ್ಲ.

ನಮ್ಮ ಜಿಲ್ಲೆಯ ರೆಫ್ರಿಗಳ ಬಗ್ಗೆ ಒಂದು ಮಾತು. ಗೋರ್ನಾ ಲಿಪಾದಲ್ಲಿ ಹಿಂದಿನಿಂದ ತಳ್ಳಿದರೆ ಪೆನಾಲ್ಟಿ. ಹಳ್ಳ ದಾಟಿ ದೋಲ್ನಾ ಲಿಪಾಕ್ಕೆ ಬಂದರೆ ಅದೇ ತಳ್ಳಾಟ ಪ್ರೀತಿ ವಿಶ್ವಾಸ. ಒಬ್ಬ ರೆಫ್ರಿ ಹೊಟ್ಟೆ ತುಂಬಿದ ಮೇಲೆ ಯಾರಿಗೂ ಕಾರ್ಡು ತೋರಿಸುತ್ತಿರಲಿಲ್ಲ. ಇನ್ನೊಬ್ಬ, ಬಿದ್ದವನು ಎಷ್ಟು ಚೆನ್ನಾಗಿ ನರಳಿದ ಎಂಬುದರ ಮೇಲೆ ತೀರ್ಪು ಕೊಡುತ್ತಿದ್ದ. ಅನ್ಯಾಯವಾಗುತ್ತಿದೆ ಎಂಬುದು ಜನರ ದೂರಾಗಿರಲಿಲ್ಲ. ಅನ್ಯಾಯವನ್ನು ಎಲ್ಲರಿಗೂ ಸಮನಾಗಿ ಹಂಚುತ್ತಿಲ್ಲ ಎಂಬುದೇ ದೂರು.

ಸೆಪ್ಟೆಂಬರಿನ ಒಂದು ಭಾನುವಾರ ಗೋರ್ನಾ ಲಿಪಾದ ಮೈದಾನದಲ್ಲಿ ಈ ಎರಡು ಊರುಗಳಿಗೇ ಪಂದ್ಯ ಬಿತ್ತು. ದೋಲ್ನಾ ಲಿಪಾದ ತರಬೇತುದಾರ ತೋಶ್ಕೊ, ಎವ್ಲೋಗಿಯ ಹೆಂಡತಿಯ ಸ್ವಂತ ಅಣ್ಣ. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ನೆಂಟಸ್ತಿಕೆಯಿಲ್ಲದ ರೆಫ್ರಿ ಬೇಕೆಂದರೆ ಪಕ್ಕದ ದೇಶದಿಂದ ತರಿಸಬೇಕು.

ಪಂದ್ಯ ಮುಗಿಯುವ ಹೊತ್ತು. ಇನ್ನೂ ಗೋಲಿಲ್ಲ. ಗೋರ್ನಾ ಲಿಪಾಕ್ಕೆ ಒಂದು ಕಾರ್ನರ್ ಸಿಕ್ಕಿತು. ಚೆಂಡು ಗಾಳಿಯಲ್ಲಿತ್ತು, ಎಲ್ಲರ ಮುಖ ಆಕಾಶಕ್ಕಿತ್ತು. ಆಗ ಬೇಲಿಯ ಕಂಡಿಯಿಂದ ಒಂದು ಹೆಬ್ಬಾತು ಮೈದಾನಕ್ಕೆ ನುಗ್ಗಿ, ಗೋಲಿನ ಮುಂದೆ ತನ್ನದೇ ತೋಟವೆಂಬಂತೆ ನಡೆದುಹೋಯಿತು. ಎವ್ಲೋಗಿ ಆಟ ನಿಲ್ಲಿಸಲು ಸೀಟಿ ಊದಿ, ‘ಅದನ್ನು ಓಡಿಸಿ’ ಎಂದು ಹೇಳುವುದಕ್ಕೆ ಕೈ ಚಾಚಿ ತೋರಿಸಿದ. ಸೀಟಿಗೆ ಬೆದರಿದ ಹೆಬ್ಬಾತು ರೆಕ್ಕೆ ಬಡಿಯುತ್ತ ಬಲೆಯ ಹಿಂದೆ ಹೋಗಿ ಮಾಯವಾಯಿತು. ಜನ ಆಕಾಶದಿಂದ ಕಣ್ಣು ಇಳಿಸಿ ನೋಡಿದಾಗ ಅವರಿಗೆ ಕಂಡದ್ದು ಇಷ್ಟೇ: ಬಾಯಲ್ಲಿ ಸೀಟಿ ಇಟ್ಟುಕೊಂಡು, ತೋಳು ನೀಡಿ, ಪೆನಾಲ್ಟಿ ಚುಕ್ಕೆಯನ್ನು ತೋರಿಸುತ್ತ ನಿಂತ ಎವ್ಲೋಗಿ.

ಗೋರ್ನಾ ಲಿಪಾ ಊರಿಗೆ ಊರೇ ಎದ್ದು ಕುಣಿಯಿತು. ಆ ಕ್ಲಬ್ಬಿನ ಅಧ್ಯಕ್ಷ ಹರಲಾಂಪಿ, ಸಾಸೇಜ್ ಕಾರ್ಖಾನೆಯ ಧಣಿ, ಟೋಪಿ ತೆಗೆದು ಮೇಲಕ್ಕೆ ಎಸೆದ. ಅವನ ಸೋದರಳಿಯ, ತಂಡದ ಮುಂಚೂಣಿ ಆಟಗಾರ, ಎವ್ಲೋಗಿಯ ಎರಡೂ ಕೆನ್ನೆಗೆ ಮುತ್ತಿಟ್ಟ. ಯಾರೋ ಚೆಂಡನ್ನು ಚುಕ್ಕೆಯ ಮೇಲೆ ಇಟ್ಟೂ ಆಗಿತ್ತು. ‘ಅಲ್ಲಪ್ಪ, ಹೆಬ್ಬಾತು’ ಎನ್ನಲು ಎವ್ಲೋಗಿ ಬಾಯಿ ತೆರೆದ. ಅಷ್ಟರಲ್ಲಿ ದೋಲ್ನಾ ಲಿಪಾದ ನಾಯಕ ವರ್ಬಾನ್ ಬಂದು ಅವನ ಮೂಗಿಗೆ ಮೂಗು ಹಚ್ಚಿ ನಿಂತ.

“ಕುರುಡ,” ಎಂದ ವರ್ಬಾನ್. “ಕನ್ನಡಕ ಮಾರೋ ಕುರುಡ.”

ಇದೊಂದು ಮಾತು ಆಡದೆ ಇದ್ದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಮೈದಾನದ ತುಂಬ ಗಿರಾಕಿಗಳಿದ್ದರು.

“ನಾನು ಕಂಡಿದ್ದೇನೆ,” ಎಂದ ಎವ್ಲೋಗಿ.

“ಏನ್ ಕಂಡೆ? ಯಾರು ಯಾರನ್ನ ಮುಟ್ಟಿದ್ರು ಹೇಳು ನೋಡೋಣ.”

ವರ್ಬಾನ್ ಮಧ್ಯಾಹ್ನ ಪಂದ್ಯಕ್ಕೆ ಮೊದಲು ಬೆಳ್ಳುಳ್ಳಿ ಅರೆದು ಹಾಕಿದ ಕರುಳಿನ ಸೂಪನ್ನು ಬಟ್ಟಲುಗಟ್ಟಲೆ ಕುಡಿದು ಬಂದಿದ್ದ. ಅವನು ಬಾಯಿ ತೆರೆದಾಗಲೆಲ್ಲ ಎವ್ಲೋಗಿಯ ಕಣ್ಣಲ್ಲಿ ನೀರು ಬರುತ್ತಿತ್ತು. ಆ ಹೊತ್ತಿನಲ್ಲಿ ಎವ್ಲೋಗಿಯ ಲೋಕದಲ್ಲಿ ಇದ್ದದ್ದು ಆ ವಾಸನೆಯೊಂದೇ.

“ಉಸಿರು,” ಎಂದುಬಿಟ್ಟ.

“ಏನು?”

“ಉಸಿರು. ನೀನು ಅವನ ಕತ್ತಿನ ಮೇಲೆ ಉಸಿರು ಬಿಟ್ಟೆ.”

“ಉಸಿರು ಬಿಡದೆ ಇನ್ನೇನು ಬಿಡ್ಲಯ್ಯ?”

“ಬೇಕಂತಲೇ ಬಿಟ್ಟೆ. ಎದುರಾಳಿಗೆ ಅಡ್ಡಿಯಾಗೋ ಹಾಗೆ ಉಸಿರಾಡೋದು ತಪ್ಪು. ಈ ವರ್ಷದ ತಿದ್ದುಪಡಿ. ಇಂಗ್ಲಿಷಲ್ಲಿದೆ.”

ಹರಲಾಂಪಿಯ ಸೋದರಳಿಯ ಇದನ್ನು ಕೇಳಿದ್ದೇ ತಡ, ಎರಡೂ ಕೈಯಿಂದ ಕತ್ತು ಹಿಡಿದುಕೊಂಡು ಹುಲ್ಲಿನ ಮೇಲೆ ಉರುಳಿದ. “ಇನ್ನೂ ಒದ್ದೆಯಾಗಿದೆ, ಬೇಕಾದರೆ ಮುಟ್ಟಿ ನೋಡಿ,” ಎಂದು ನರಳಿದ. ನಂತರ ಎದ್ದು ಪೆನಾಲ್ಟಿ ಹೊಡೆದ. ಗೋಲಾಯಿತು. ದೋಲ್ನಾ ಲಿಪಾ ಸೋತಿತು.

ಎವ್ಲೋಗಿ ಮನೆ ಸೇರುವಷ್ಟರಲ್ಲಿ ತೋಶ್ಕೊನ ಫೋನು ಅವನಿಗಿಂತ ಮೊದಲೇ ಸೇರಿತ್ತು. ಹೆಂಡತಿ ನೆದ್ಯಾಲ್ಕಾ ಸೊಂಟಕ್ಕೆ ಕೈ ಕೊಟ್ಟು ಬಾಗಿಲಲ್ಲೇ ನಿಂತಿದ್ದಳು.

“ಅಣ್ಣ ಹೇಳಿದ್ದಾನೆ, ಇನ್ನು ಮೇಲೆ ನೀನು ಅವನ ಮನೆ ಹೊಸಲು ತುಳಿಯೋ ಹಾಗಿಲ್ವಂತೆ. ನಾನು ಒಬ್ಬಳೇ ಹೋಗಬಹುದಂತೆ. ನಿಜ ಹೇಳು, ನೀನು ಉಸಿರು ಕಂಡ್ಯಾ?”

“ಕಂಡೆ.”

“ಹೋದ ವಾರ ನಾನು ಕೂದಲು ಗಿಡ್ಡ ಮಾಡಿಸಿಕೊಂಡು ಬಂದೆ. ಅದು ಇವತ್ತಿನವರೆಗೂ ನಿನಗೆ ಕಂಡಿಲ್ಲ.”

ಎವ್ಲೋಗಿ ಅವಳ ತಲೆ ನೋಡಿದ. “ಚೆನ್ನಾಗಿದೆ,” ಎಂದ. ಆ ರಾತ್ರಿ ಅವನಿಗೆ ಊಟಕ್ಕೆ ತಣ್ಣನೆಯ ಹುರುಳಿಕಾಯಿ ಸಿಕ್ಕಿತು.

ಸೋಮವಾರ ಅಂಗಡಿ ಖಾಲಿ ಹೊಡೆಯುತ್ತದೆ ಎಂದುಕೊಂಡು ಅವನು ಬಾಗಿಲು ತೆಗೆದರೆ ಹೊರಗೆ ಸಾಲು ನಿಂತಿತ್ತು. ಸಾಲು ನನ್ನ ಅಂಗಡಿಯನ್ನೂ ದಾಟಿ ಬ್ರೆಡ್ಡಿನ ಅಂಗಡಿಯವರೆಗೆ ಹೋಗಿತ್ತು. ಮೊದಲು ನಿಂತಿದ್ದ ಮುದುಕಿ, “ಉಸಿರು ಕಾಣೋ ಗಾಜು ಕೊಡಪ್ಪ,” ಎಂದಳು. ಅವಳ ಹಿಂದಿದ್ದ ಹೆಂಗಸಿಗೆ, ಗಂಡ ರಾಕಿಯಾ ಕುಡಿದು ಬಂದಿದ್ದಾನೋ ಇಲ್ಲವೋ ಎಂಬುದು ಬೀದಿಯ ಆ ತುದಿಯಲ್ಲೇ ಗೊತ್ತಾಗುವಂಥ ಕನ್ನಡಕ ಬೇಕಿತ್ತು. “ಅಂಥದು ಇಲ್ಲಮ್ಮ, ಎಲ್ಲ ಮಾಮೂಲಿ ಗಾಜು,” ಎಂದು ಎವ್ಲೋಗಿ ಹೇಳಿದರೆ, “ನಮಗೆ ಮಾತ್ರ ಮಾಮೂಲಿ, ನೀನು ಹಾಕ್ಕೊಳ್ಳೋದು ಬೇರೆ,” ಎಂದು ಜನ ಮುನಿಸಿಕೊಂಡರು. ಕೊನೆಗೆ ಅವನು ಅದೇ ಮಾಮೂಲಿ ಗಾಜನ್ನು ಒಳಗಿನ ಕೋಣೆಯಿಂದ ತಂದು ಕೊಡತೊಡಗಿದ. ಆಗ ಎಲ್ಲರಿಗೂ ತೃಪ್ತಿಯಾಯಿತು.

ಹರಲಾಂಪಿಯೂ ಬಂದ. ಹಾರದಂತೆ ಪೋಣಿಸಿದ ಸಾಸೇಜನ್ನು ಮೇಜಿನ ಮೇಲೆ ಇಟ್ಟು, “ಇದು ಲಂಚ ಅಂತ ತಿಳೀಬೇಡ ಎವ್ಲೋಗಿ. ಮಾಂಸ,” ಎಂದು ಹೇಳಿ ಹೋದ.

ತೋಶ್ಕೊ ಸುಮ್ಮನಿರುವ ಆಸಾಮಿಯಲ್ಲ. ಜಿಲ್ಲಾ ರೆಫ್ರಿ ಸಂಘಕ್ಕೆ ದೂರು ಕೊಟ್ಟ. ಸಂಘದ ಅಧ್ಯಕ್ಷ ನಿಕೊದಿಮ್, ನಿವೃತ್ತ ಭೂಗೋಳದ ಮೇಷ್ಟ್ರು. ತಮಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂದು ಆಯುಷ್ಯವೆಲ್ಲ ತೋರಿಸಿಕೊಂಡು ಬಂದವರು. ಬೆಂಕಿ ನಂದಿಸುವವರ ಠಾಣೆಯ ಮಹಡಿಯಲ್ಲಿ ಎಲ್ಲ ರೆಫ್ರಿಗಳನ್ನೂ ಸೇರಿಸಿದರು. ನೋಡುವ ಹಕ್ಕು ಸಾರ್ವಜನಿಕರಿಗೂ ಇದ್ದುದರಿಂದ ನಾನೂ ಅಂಗಡಿ ಮುಚ್ಚಿ ಹೋಗಿದ್ದೆ.

“ಮೇಷ್ಟ್ರೇ, ನೀವೇ ಹೇಳಿ,” ಎಂದ ತೋಶ್ಕೊ, “ಉಸಿರಾಡೋದು ತಪ್ಪು ಅಂತ ಎಲ್ಲಾದರೂ ಕೇಳಿದೀರಾ?”

ನಿಕೊದಿಮ್ ಕೇಳಿರಲಿಲ್ಲ. ಆದರೆ ಕೇಳಿಲ್ಲ ಎಂದರೆ ಎವ್ಲೋಗಿಗಿಂತ ಕೆಳಗೆ ಬಿದ್ದಂತಾಯಿತು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ಆ ತಿದ್ದುಪಡಿ ನಾನು ಬೇಸಿಗೆಯಲ್ಲೇ ಓದಿದ್ದೇನೆ,” ಎಂದರು.

ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಎವ್ಲೋಗಿ.

“ಯಾವ ಪುಟದಲ್ಲಿದೆ?” ಎಂದ ತೋಶ್ಕೊ.

“ಬಲಗಡೆ ಪುಟ,” ಎಂದರು ನಿಕೊದಿಮ್. ಅಧ್ಯಕ್ಷರೇ ಓದಿದ್ದಾರೆ ಎಂದ ಮೇಲೆ ಉಳಿದ ರೆಫ್ರಿಗಳಿಗೂ ಓದಿದ ನೆನಪು ಬಂತು. ಒಬ್ಬನಂತೂ ತಾನು ಎರಡು ಸಲ ಓದಿದ್ದೇನೆ, ಎರಡನೇ ಸಲ ಓದಿದಾಗ ಇನ್ನೂ ಚೆನ್ನಾಗಿತ್ತು ಎಂದ.

“ಇಲ್ಲಿ ದೋಷ ನಿಯಮದ್ದಲ್ಲ,” ನಿಕೊದಿಮ್ ಮೇಜು ಕುಟ್ಟಿದರು. “ಜನ ನಮ್ಮನ್ನ ಬೈಯೋದು ಯಾಕೆ? ಒಬ್ಬ ಹಿಡಿಯೋ ತಪ್ಪನ್ನ ಇನ್ನೊಬ್ಬ ಬಿಡ್ತಾನೆ ಅಂತ. ಎವ್ಲೋಗಿ ಒಬ್ಬನೇ ಉಸಿರು ಹಿಡಿದ, ನೀವೆಲ್ಲ ಏನ್ ಮಾಡ್ತಿದ್ರಿ? ಬರೋ ಭಾನುವಾರದಿಂದ ಜಿಲ್ಲೆಗೆಲ್ಲ ಒಂದೇ ಅಳತೆ. ಉಸಿರಿನ ತಪ್ಪನ್ನ ಹಿಡಿಯದ ರೆಫ್ರಿಗೆ ಪಂದ್ಯ ಇಲ್ಲ.”

“ಮೇಷ್ಟ್ರೇ,” ಎವ್ಲೋಗಿ ಎದ್ದು ನಿಂತ, “ಇದು ತೀರ ಅಪರೂಪದ ತಪ್ಪು. ನೂರು ವರ್ಷಕ್ಕೆ ಒಂದು ಸಲ ನಡೆದರೆ ಹೆಚ್ಚು.”

“ನಡೀತಾನೇ ಇತ್ತು ಕಣಯ್ಯ. ನಮ್ಮ ಕಣ್ಣು ಮಂಜಾಗಿತ್ತು, ಅಷ್ಟೆ,” ಎಂದರು ನಿಕೊದಿಮ್. ಎಲ್ಲರೂ ಚಪ್ಪಾಳೆ ತಟ್ಟಿದರು. ತೋಶ್ಕೊ ಕುರ್ಚಿಯನ್ನು ಒದ್ದು ಹೊರಗೆ ಹೋದ.

ಅಕ್ಟೋಬರ್ ತಿಂಗಳನ್ನು ನಮ್ಮ ಜಿಲ್ಲೆ ಮರೆಯುವಂತಿಲ್ಲ. ಉಸಿರಿಗೆ ಪೆನಾಲ್ಟಿ ಕೊಡದ ಪಂದ್ಯವೇ ಇರಲಿಲ್ಲ. ಒಬ್ಬ ರೆಫ್ರಿ ಜೇಬಲ್ಲಿ ಕನ್ನಡಿ ಇಟ್ಟುಕೊಂಡು, ಆಟಗಾರರ ಮೂಗಿನ ಕೆಳಗೆ ಹಿಡಿದು ಮಂಜು ಕವಿಯಿತೋ ಎಂದು ನೋಡುತ್ತಿದ್ದ. ಕಿವಿ ಚುರುಕಿದ್ದ ಇನ್ನೊಬ್ಬ, ಕಣ್ಣು ಮುಚ್ಚಿಕೊಂಡೇ ಪಂದ್ಯ ನಡೆಸುತ್ತಿದ್ದ. ಗೋಲು ಬಿಟ್ಟುಕೊಟ್ಟ ದುಃಖಕ್ಕೆ ನಿಟ್ಟುಸಿರಿಟ್ಟ ಗೋಲಿಯೊಬ್ಬನಿಗೆ ಹಳದಿ ಕಾರ್ಡು ಬಿತ್ತು. ಅದನ್ನು ಕಂಡು ಅವನು ಇನ್ನೂ ದೊಡ್ಡದಾಗಿ ನಿಟ್ಟುಸಿರಿಟ್ಟ, ಕೆಂಪು ಬಿತ್ತು. ನೆಗಡಿಯಾದವರನ್ನು ತಂಡಕ್ಕೆ ಸೇರಿಸಿಕೊಳ್ಳುವುದೇ ನಿಂತುಹೋಯಿತು.

ನಿಯಮದ ಬಗ್ಗೆ ಸಂಶಯ ಬಂದವರೆಲ್ಲ ಎವ್ಲೋಗಿಯ ಅಂಗಡಿಗೇ ಬರುತ್ತಿದ್ದರು. ಗೋಡೆಯಾಚೆ ಕೂತ ನನಗೆ ಎಲ್ಲ ಕೇಳುತ್ತಿತ್ತು.

“ಮೂಗಲ್ಲಿ ಬಿಟ್ರೆ ತಪ್ಪಾ, ಬಾಯಲ್ಲಿ ಬಿಟ್ರೆ ತಪ್ಪಾ?” ಎಂದು ಗೋರ್ನಾ ಲಿಪಾದವರು ಕೇಳಿದರು.

“ಬಾಯಲ್ಲಿ ಬಿಟ್ರೆ ತಪ್ಪು. ಮೂಗಿಗೆ ಅಡ್ಡಿಯಿಲ್ಲ,” ಎಂದ.

ಆದರೆ ನೆದ್ಯಾಲ್ಕಾ ತನ್ನ ಅಣ್ಣನ ಪರವಾಗಿ ಅದನ್ನೇ ಕೇಳಿದಾಗ ಅವನಿಗೆ ಹಿಂದೆ ಹೇಳಿದ್ದು ನೆನಪಿರಲಿಲ್ಲ. “ಬಾಯಿ ಪರವಾಗಿಲ್ಲ, ನೆಲ ನೋಡ್ತಾ ಬಿಡಬೇಕು. ಮೂಗು ಬಹಳ ಕೆಟ್ಟದ್ದು,” ಎಂದ. ಮೂರನೇ ಊರಿನವರು ಬಂದಾಗ, ಒಳಕ್ಕೆ ಎಳೆದುಕೊಳ್ಳಬಹುದು, ಹೊರಕ್ಕೆ ಬಿಡಬಾರದು ಎಂದ. ಜಿಲ್ಲೆಗೆಲ್ಲ ಒಂದೇ ಅಳತೆ ತರಲು ಹೊರಟು ಕೊನೆಗೆ ಒಂದೊಂದು ಊರು ಒಂದೊಂದು ರೀತಿ ಉಸಿರಾಡತೊಡಗಿತು. ಇದಕ್ಕಿಂತ ಹಳೆಯ ಗಲಿಬಿಲಿಯೇ ವಾಸಿ ಎಂದು ಜನ ಗೊಣಗಿದರು. ಆದರೆ ಯಾರೂ ನಿಯಮವನ್ನು ಅನುಮಾನಿಸಲಿಲ್ಲ. ಇಂಗ್ಲಿಷಲ್ಲಿದೆಯಲ್ಲ.

ಕರುಳಿನ ಸೂಪ್ ಮಾರುವವನು ಒಂದು ಬೆಳಿಗ್ಗೆ ಬಂದು ಎವ್ಲೋಗಿಯ ಮುಂದೆ ಕೂತ. ಆಟಗಾರರು ಬೆಳ್ಳುಳ್ಳಿ ಬಿಟ್ಟಿದ್ದರು, ಆಟಗಾರರನ್ನು ನೋಡಿ ಅವರ ಅಪ್ಪಂದಿರೂ ಬಿಟ್ಟಿದ್ದರು.

“ನಮ್ಮ ಅಜ್ಜನ ಕಾಲದ ಹಂಡೆ ಅದು,” ಎಂದ. “ಯುದ್ಧದಲ್ಲೂ ತಣ್ಣಗಾಗಿರಲಿಲ್ಲ. ನೀನು ತಣ್ಣಗೆ ಮಾಡಿದೆ.”

ಎವ್ಲೋಗಿ ಅವನಿಗೊಂದು ಸಾಸೇಜ್ ಕೊಟ್ಟು ಕಳಿಸಿದ.

ತೋಶ್ಕೊನ ದಾರಿಯೇ ಬೇರೆ. ಪೆನಾಲ್ಟಿಯಿಂದ ಸೋತ ಮೇಲೆ ಅವನ ತಂಡ ಪಟ್ಟಿಯ ಬುಡಕ್ಕೆ ಜಾರುತ್ತ ಬಂದಿತ್ತು. ಅವನು ಹುಡುಗರನ್ನೆಲ್ಲ ಊರ ಹೊರಗಿನ ಜಲಾಶಯಕ್ಕೆ ಕರೆದುಕೊಂಡು ಹೋಗಿ ತಲೆ ಮುಳುಗಿಸಿ ನಿಲ್ಲಿಸತೊಡಗಿದ. ಚೆಂಡನ್ನು ಮುಟ್ಟುವುದೂ ನಿಂತಿತು. ಉಸಿರು ಕಟ್ಟುವುದರಲ್ಲಿ ಎಲ್ಲರಿಗಿಂತ ಹೆಚ್ಚು ಪಳಗಿದವನು ವರ್ಬಾನ್. ಅವಮಾನವಾದವನ ಛಲ ಅದು. ಊಟದ ಮೇಜಿನಲ್ಲಿ, ಹಾಸಿಗೆಯಲ್ಲಿ, ಇಗರ್ಜಿಯಲ್ಲಿ ಸಹ ಅಭ್ಯಾಸ ಮಾಡುತ್ತಿದ್ದ. ಗಂಡ ಮಾತಿನ ಮಧ್ಯೆ ಕಣ್ಣು ತೇಲಿಸಿ ಕಲ್ಲಾಗಿ ಕೂರುವುದನ್ನು ಕಂಡು ಅವನ ಹೆಂಡತಿ ಪಾದ್ರಿಯನ್ನು ಕರೆಸಿದಳು. ಪಾದ್ರಿಯ ಸ್ವಂತ ಊರು ಗೋರ್ನಾ ಲಿಪಾ; ಹೀಗೇ ಅಭ್ಯಾಸ ಮಾಡಲಿ, ಒಳ್ಳೆಯದೇ ಎಂದು ಹೇಳಿ ಹೋದರು.

ನಮ್ಮ ಲೀಗು ಹಿಮ ಬೀಳುವ ಮುಂಚೆ ಮುಗಿಯುತ್ತದೆ. ಕೊನೆಯ ಪಂದ್ಯ ನವೆಂಬರಿನಲ್ಲಿ, ದೋಲ್ನಾ ಲಿಪಾದ ಮೈದಾನದಲ್ಲಿ, ಮತ್ತೆ ಅದೇ ಎರಡು ಊರುಗಳಿಗೆ. ದೋಲ್ನಾ ಲಿಪಾ ಸೋತರೆ ಕೆಳಗಿನ ದರ್ಜೆಗೆ ಬೀಳಬೇಕು; ಸಮ ಮಾಡಿಕೊಂಡರೆ ಉಳಿಯುತ್ತದೆ. ಅಷ್ಟರಲ್ಲಿ ಉಸಿರಿನ ಸುದ್ದಿ ರಾಜಧಾನಿಗೂ ಮುಟ್ಟಿತ್ತು. ಅಲ್ಲಿಂದ ಇಸ್ಕ್ರಾ ಎಂಬ ಹೆಂಗಸನ್ನು ವೀಕ್ಷಕಿಯಾಗಿ ಕಳಿಸಿದರು. ಅನೇಕ ದೇಶಗಳಲ್ಲಿ ಸೀಟಿ ಊದಿ ಬಂದಾಕೆ. ಎತ್ತರದ ಆಳು, ತಲೆಗೆ ಉಣ್ಣೆ ಟೋಪಿ, ಕಂಕುಳಲ್ಲಿ ಬಿಸಿ ಚಹಾದ ಫ್ಲಾಸ್ಕು, ಮಾತು ಕಡಿಮೆ. ನಿಯಮ ಪೂರ್ತಿ ಬಲ್ಲವನೇ ಪಂದ್ಯ ನಡೆಸಲಿ ಎಂದು ನಿಕೊದಿಮ್ ಎವ್ಲೋಗಿಯನ್ನೇ ನೇಮಿಸಿದರು.

ಆ ದಿನ ಕೊರೆಯುವ ಚಳಿ. ಹುಲ್ಲು ಬೆಳ್ಳಗೆ ಹೆಪ್ಪುಗಟ್ಟಿತ್ತು. ಎರಡು ತಂಡಗಳೂ ಮೈದಾನಕ್ಕೆ ಓಡಿಬಂದು ಸಾಲಾಗಿ ನಿಂತಾಗ ನಾವೆಲ್ಲ ಕಂಡದ್ದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಎಲ್ಲರ ಬಾಯಲ್ಲೂ ಮೂಗಲ್ಲೂ ಬೆಳ್ಳಗೆ ಹಬೆ ಏಳುತ್ತಿತ್ತು. ಉಸಿರು ಈಗ ಎಲ್ಲರಿಗೂ ಕಾಣುತ್ತಿತ್ತು.

“ಅಗೋ, ಏಳನೇ ನಂಬರಿನೋನು ಬಿಟ್ಟ,” ಎಂದು ಒಂದು ಕಡೆಯಿಂದ ಕೂಗು.

“ಅವನು ಬಿಟ್ಟದ್ದು ಇಷ್ಟೇ ಇಷ್ಟು. ನಿಮ್ಮೋನು ನೋಡು, ರೈಲಿನ ಹಾಗೆ ಬಿಡ್ತಿದ್ದಾನೆ,” ಎಂದು ಇನ್ನೊಂದು ಕಡೆಯಿಂದ.

ಎವ್ಲೋಗಿ ಸೀಟಿ ಊದಿದ. ಇನ್ನೂ ಎರಡು ಹೆಜ್ಜೆ ಆಟ ನಡೆಯಲಿಲ್ಲ, ಮತ್ತೆ ಊದಿದ. ಮೊದಲರ್ಧ ಪೂರ್ತಿ ಹೀಗೇ ಹೋಯಿತು. ಚೆಂಡು ನಡುಗೆರೆಯ ಆಸುಪಾಸು ಬಿಟ್ಟು ಕದಲಲಿಲ್ಲ. ಎರಡನೇ ಅರ್ಧದಲ್ಲಿ ಅವನು ಸೋತು, ಊದುವುದನ್ನೇ ನಿಲ್ಲಿಸಿದ. ತಕ್ಷಣ ಎರಡೂ ಊರಿನವರು ಒಟ್ಟಾಗಿ “ಕುರುಡ” ಎಂದು ಕೂಗಿದರು. ಹಾಗೆ ಕೂಗಿದವರಲ್ಲಿ ಬಹಳ ಜನರ ಮೂಗಿನ ಮೇಲೆ ಅವನೇ ಮಾರಿದ ಕನ್ನಡಕವಿತ್ತು. ಇಸ್ಕ್ರಾ ಚಹಾ ಕುಡಿಯುತ್ತ ನೋಡುತ್ತಿದ್ದಳು.

ಒಂದೂ ಗೋಲಾಗಿರಲಿಲ್ಲ. ಆಟ ಇನ್ನೇನು ಮುಗಿಯಬೇಕು, ಗೋರ್ನಾ ಲಿಪಾಕ್ಕೆ ಕಾರ್ನರ್ ಸಿಕ್ಕಿತು.

ಗೋಲಿನ ಮುಂದೆ ದೋಲ್ನಾ ಲಿಪಾದವರೆಲ್ಲ ಬಾಯಿ ಬಿಗಿದು ಉಸಿರು ಕಟ್ಟಿ ನಿಂತರು. ಒಂದೆಳೆ ಹಬೆಯೂ ಇಲ್ಲ. ತೋಶ್ಕೊ ಹೆಮ್ಮೆಯಿಂದ ಕೈ ಕಟ್ಟಿಕೊಂಡ. ಆದರೆ ಹರಲಾಂಪಿಯೂ ಕಾರ್ಖಾನೆ ನಡೆಸುವವನು. ಅವನು ತನ್ನ ಸೋದರಳಿಯನಿಗೆ ಕಣ್ಣು ಮಿಟುಕಿಸಿದ. ಸೋದರಳಿಯ ಚೆಂಡನ್ನು ಮೂಲೆಯಲ್ಲಿ ಇಟ್ಟ. ತೃಪ್ತಿಯಾಗದೆ ಎತ್ತಿ ಒರೆಸಿ ಮತ್ತೆ ಇಟ್ಟ. ಬೂಟಿನ ದಾರ ಬಿಚ್ಚಿ ಕಟ್ಟಿದ. ಬಾವುಟ ವಾಲಿದೆಯೆಂದು ನೆಟ್ಟಗೆ ಮಾಡಿದ. ಗೋಲಿನ ಮುಂದೆ ಮುಖಗಳು ಕೆಂಪಾದವು, ಆಮೇಲೆ ಬದನೆಕಾಯಿಯ ಬಣ್ಣಕ್ಕೆ ತಿರುಗಿದವು.

“ಬೇಗ ಹೊಡಿಯಯ್ಯ,” ಎಂದು ಎವ್ಲೋಗಿ ಕೂಗಿದ.

“ಬಾವುಟ ಸರಿಯಿಲ್ಲ ಸ್ವಾಮಿ,” ಎಂದ ಸೋದರಳಿಯ.

ಉಳಿದವರು ಒಬ್ಬೊಬ್ಬರೇ ತಡೆಯಲಾರದೆ ಬಾಯಿ ಬಿಟ್ಟರು. ವರ್ಬಾನ್ ಬಿಡಲಿಲ್ಲ. ಅವನು ಕಡಿದ ಮರದಂತೆ ಬೆನ್ನ ಮೇಲೆ ಬಿದ್ದ. ಬಿದ್ದವನು ಅಲುಗಲಿಲ್ಲ. ತುಟಿ ನೀಲಿಯಾಗಿತ್ತು.

ಎವ್ಲೋಗಿ ಅಷ್ಟು ವೇಗವಾಗಿ ಓಡಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ಸೀಟಿಯನ್ನು ಉಗುಳಿ, ಮಂಡಿಯೂರಿ, ವರ್ಬಾನ್‌ನ ಎದೆಗೆ ಕಿವಿ ಇಟ್ಟ. ಆಮೇಲೆ ಅವನ ಮೂಗು ಹಿಡಿದು, ಬಾಯಿಗೆ ಬಾಯಿ ಕೊಟ್ಟು, ತನ್ನಲ್ಲಿದ್ದ ಉಸಿರನ್ನೆಲ್ಲ ಊದಿದ. ಮತ್ತೆ ಊದಿದ. ವರ್ಬಾನ್‌ನ ಹೆಂಡತಿ ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಆಗ ವರ್ಬಾನ್ ಕೆಮ್ಮಿದ, ಕಣ್ಣು ಬಿಟ್ಟ, ಎವ್ಲೋಗಿಯನ್ನು ಕಂಡು ಮತ್ತೆ ಮುಚ್ಚಿದ.

ಬದುಕಿದ ಎಂದು ಖಾತ್ರಿಯಾದ ಮೇಲೆ ಹರಲಾಂಪಿ ಗಂಟಲು ಸರಿಮಾಡಿಕೊಂಡ.

“ರೆಫ್ರಿ ಪೆನಾಲ್ಟಿ ಬಾಕ್ಸಿನೊಳಗೆ ಉಸಿರು ಬಿಟ್ಟ. ನಾವೆಲ್ಲ ನೋಡಿದ್ವಿ. ಪೆನಾಲ್ಟಿ ಆಗ್ಬೇಕು.”

“ಬಿಟ್ಟದ್ದು ನಮ್ಮೋನ ಮೇಲೆ,” ಎಂದ ತೋಶ್ಕೊ. “ಪೆನಾಲ್ಟಿ ನಮಗೆ.”

“ನಿಮ್ಮ ಬಾಕ್ಸಲ್ಲೇ ನಿಮಗೆ ಪೆನಾಲ್ಟಿನಾ? ಹೊಡೆಯೋದು ಯಾವ ಕಡೆಗೆ?”

ಇಬ್ಬರೂ ನಿಕೊದಿಮ್ ಅವರ ಕಡೆ ತಿರುಗಿದರು. ನಿಕೊದಿಮ್ ಕನ್ನಡಕ ತೆಗೆದು ಒರೆಸಿದರು. “ರೆಫ್ರಿಯೇ ಬಿಟ್ಟ ಉಸಿರಿನ ಬಗ್ಗೆ ತಿದ್ದುಪಡಿಯಲ್ಲಿ ಬೇರೇನೇ ಒಂದು ಸಾಲಿದೆ,” ಎಂದು ಶುರುಮಾಡಿದರು.

“ಯಾವ ತಿದ್ದುಪಡಿ?” ಎಂದಳು ಇಸ್ಕ್ರಾ. ಅವಳು ಫ್ಲಾಸ್ಕು ಹಿಡಿದೇ ಮೈದಾನದೊಳಕ್ಕೆ ಬಂದಿದ್ದಳು.

ಎಲ್ಲರೂ ನಿಕೊದಿಮ್ ಅವರನ್ನು ನೋಡಿದರು. ನಿಕೊದಿಮ್ ಎವ್ಲೋಗಿಯನ್ನು ನೋಡಿದರು. ಎವ್ಲೋಗಿ ಇನ್ನೂ ಮಂಡಿಯ ಮೇಲೇ ಇದ್ದ, ಅವನ ಕೈ ವರ್ಬಾನ್‌ನ ಎದೆಯ ಮೇಲಿತ್ತು. ಅವನು ನಿಧಾನವಾಗಿ ಎದ್ದ.

“ಅಂಥ ನಿಯಮ ಇಲ್ಲ,” ಎಂದ. “ಯಾವ ಭಾಷೆಯಲ್ಲೂ ಇಲ್ಲ. ಆವತ್ತು ಬಾಕ್ಸಿಗೆ ಒಂದು ಹೆಬ್ಬಾತು ಬಂದಿತ್ತು. ನಾನು ಅದನ್ನ ತೋರಿಸಿದೆ. ನೀವು ಪೆನಾಲ್ಟಿ ಅಂದ್ಕೊಂಡ್ರಿ. ವರ್ಬಾನ್ ಏನೂ ಮಾಡಿರಲಿಲ್ಲ. ನಾನು ಏನೂ ನೋಡಿರಲಿಲ್ಲ.”

ಇಷ್ಟು ಹೇಳಿದ ಮೇಲೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗುತ್ತದೆ ಎಂದು ಅವನು ಎಣಿಸಿದ್ದಿರಬೇಕು. ಅದಕ್ಕಿಂತ ಕೆಟ್ಟದ್ದು ನಡೆಯಿತು. ಯಾರೂ ನಂಬಲಿಲ್ಲ.

“ಬಾಯಿಗೆ ಬಂದದ್ದು ಹೇಳ್ಬೇಡ,” ಎಂದ ಹರಲಾಂಪಿ. “ನಮ್ಮ ಗೋಲು ಹೆಬ್ಬಾತಿನಿಂದ ಬಂದದ್ದಲ್ಲ.”

“ನನ್ನ ಕತ್ತು ಒದ್ದೆಯಾಗಿದ್ದು ಸುಳ್ಳಾ?” ಎಂದ ಸೋದರಳಿಯ.

“ಚಳಿಗೆ ಅವನ ತಲೆ ಕೆಟ್ಟಿದೆ,” ಎಂದರು ನಿಕೊದಿಮ್. “ತಿದ್ದುಪಡಿ ನಾನೇ ಓದಿದ್ದೇನೆ.”

ಗೋರ್ನಾ ಲಿಪಾದ ಕಡೆಯಿಂದ ಒಬ್ಬ ಹೆಂಗಸು ಬೇಲಿ ದಾಟಿಯೇ ಬಂದಳು. “ಯಾರ ಹೆಬ್ಬಾತಿನ ಬಗ್ಗೆ ಮಾತಾಡ್ತಿದೀಯ? ಮೈದಾನದ ಪಕ್ಕ ಹೆಬ್ಬಾತು ಸಾಕಿರೋಳು ನಾನೊಬ್ಬಳೇ. ನಮ್ಮ ಹೆಬ್ಬಾತುಗಳು ಕಂಡೋರ ಜಾಗಕ್ಕೆ ಹೋಗೋ ಜಾತಿಯವಲ್ಲ,” ಎಂದಳು.

ಅಂಗಡಿಯ ಸಾಲಿನಲ್ಲಿ ಮೊದಲು ನಿಂತಿದ್ದ ಮುದುಕಿ ತನ್ನ ಹೊಸ ಕನ್ನಡಕವನ್ನು ಏರಿಸಿಕೊಂಡು, “ಇಲ್ಲ ಅಂತ ಯಾಕೆ ಹೇಳ್ತೀಯಪ್ಪ, ನನಗೆ ಈಗಲೂ ಚೆನ್ನಾಗಿ ಉಸಿರು ಕಾಣ್ತಿದೆ,” ಎಂದಳು.

ಇಸ್ಕ್ರಾ ಎಲ್ಲರ ಮಾತನ್ನೂ ಕೇಳಿಸಿಕೊಂಡಳು. ಆಮೇಲೆ ಎವ್ಲೋಗಿಯನ್ನು ಕೇಳಿದಳು, “ಈ ಪಂದ್ಯ ಯಾರು ನಡೆಸ್ತಿದಾರೆ?”

“ನಾನು.”

“ಹಾಗಾದ್ರೆ ನಡೆಸಿ.”

ಎವ್ಲೋಗಿ ಹುಲ್ಲಿನಲ್ಲಿ ಬಿದ್ದಿದ್ದ ಸೀಟಿಯನ್ನು ಹುಡುಕಿ ತೆಗೆದು ಅಂಗಿಗೆ ಒರೆಸಿಕೊಂಡ. ಎರಡು ತಂಡಗಳಿಗೂ ಕೇಳುವಂತೆ ಹೇಳಿದ: “ಎಲ್ಲರೂ ಉಸಿರಾಡಿ.”

ಮೊದಲು ಯಾರೂ ಧೈರ್ಯ ಮಾಡಲಿಲ್ಲ. ಆಮೇಲೆ ದೋಲ್ನಾ ಲಿಪಾದ ಗೋಲಿ ಬಾಯಿ ತೆರೆದು ಉದ್ದಕ್ಕೆ ಬಿಟ್ಟ. ಅವನನ್ನು ನೋಡಿ ಇನ್ನೊಬ್ಬ, ಮತ್ತೊಬ್ಬ. ಎರಡು ತಿಂಗಳಿಂದ ಕಟ್ಟಿಟ್ಟದ್ದೆಲ್ಲ ಹೊರಗೆ ಬಂದಂತೆ ಮೈದಾನದ ಮೇಲೆ ಒಂದು ಬಿಳಿ ಮೋಡವೇ ಎದ್ದಿತು. ಆ ಮೋಡದೊಳಗೆ ಒಂದು ಕ್ಷಣ ಯಾರು ಯಾವ ತಂಡದವರೆಂದು ಗೊತ್ತಾಗಲಿಲ್ಲ.

ವರ್ಬಾನ್‌ಗೆ ಕಂಬಳಿ ಹೊದಿಸಿ ಗೋಲಿನ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಅವನ ಬದಲಿಗೆ ದೋಂಚೊ ಎಂಬ ದಪ್ಪನೆಯ ಬ್ರೆಡ್ಡಿನಂಗಡಿಯವನು ಇಳಿದ. ಕಾರ್ನರ್ ಬಂತು, ಯಾರ ತಲೆಗೋ ತಾಗಿ ಚೆಂಡು ಸೋದರಳಿಯನ ಕಾಲಿಗೆ ಬಿತ್ತು. ಅವನು ಗೋಲಿನ ಕಡೆ ತಿರುಗಿದ್ದೇ ತಡ, ದೋಂಚೊ ಹಿಂದಿನಿಂದ ಬಂದು, ಹಿಟ್ಟಿನ ಮೂಟೆಯನ್ನು ಒದೆಯುವಂತೆ ಅವನ ಎರಡೂ ಕಾಲಿಗೆ ಒದ್ದ.

ಎವ್ಲೋಗಿ ಆರು ಹೆಜ್ಜೆ ದೂರದಲ್ಲಿದ್ದ. ನಡುವೆ ಯಾರೂ ಇರಲಿಲ್ಲ. ಹಗಲಿನಷ್ಟು ನಿಚ್ಚಳವಾಗಿ ಕಂಡಿತು. ಊದಿದರೆ ಹೆಂಡತಿಯ ಅಣ್ಣನ ತಂಡ ಎರಡನೇ ಸಲವೂ ಅವನ ಕೈಯಿಂದಲೇ ಸೋತು ಕೆಳಗಿನ ದರ್ಜೆಗೆ ಬೀಳುತ್ತದೆ. ಅವನು ಊದಿದ, ತೋಳು ಚಾಚಿ ಚುಕ್ಕೆಯನ್ನು ತೋರಿಸಿದ.

“ಈ ಸಲ ಏನು ಬಂದಿತ್ತು, ಬಾತುಕೋಳೀನಾ?” ಎಂದು ಒಬ್ಬ ಕೂಗಿದ. ದೋಲ್ನಾ ಲಿಪಾದ ಜನ ಬೇಲಿಯನ್ನು ಅಲುಗಾಡಿಸತೊಡಗಿದರು. ದೋಂಚೊ ತಾನು ಆ ಕಡೆ ಬಂದೇ ಇಲ್ಲ ಎಂದು ಆಣೆ ಹಾಕಿದ. ತೋಶ್ಕೊ ಅಂಗಿಯ ತೋಳು ಮಡಚಿಕೊಂಡು ಗೆರೆ ದಾಟಿ ಬರುತ್ತಿದ್ದ. ಇನ್ನೊಂದು ಗಳಿಗೆಯಲ್ಲಿ ಏನಾಗುತ್ತಿತ್ತೋ, ಬೆಂಚಿನ ಮೇಲಿಂದ ಕಂಬಳಿ ಹೊದ್ದ ವರ್ಬಾನ್ ಕೈಯೆತ್ತಿದ.

“ತೋಶ್ಕೊ ಅಣ್ಣ, ಸುಮ್ಮನಿರು,” ಎಂದ. ದನಿ ಇನ್ನೂ ಗೊಗ್ಗರಾಗಿತ್ತು. “ಕಾಲಿಗೇ ಒದ್ದ. ನನ್ನ ಮುಂದೇನೇ ಒದ್ದ. ಪೆನಾಲ್ಟಿನೇ.”

ತಮ್ಮ ನಾಯಕನೇ ಹೇಳಿದ ಮೇಲೆ ಬೇಲಿ ಅಲುಗುವುದು ನಿಂತಿತು. ಸೋದರಳಿಯ ಕುಂಟುತ್ತ ಬಂದು ಹೊಡೆದ. ಗೋಲಿ ಬಲಕ್ಕೆ ಹಾರಿದ, ಚೆಂಡು ಎಡಕ್ಕೆ ಹೋಯಿತು. ದೋಲ್ನಾ ಲಿಪಾ ಕೆಳಗಿನ ದರ್ಜೆಗೆ ಬಿತ್ತು.

ಪಂದ್ಯ ಮುಗಿದ ಮೇಲೆ ಇಸ್ಕ್ರಾ ಎವ್ಲೋಗಿಯ ಹತ್ತಿರ ಬಂದಳು. “ಕೊನೇದು ಸರಿಯಾಗಿತ್ತು,” ಎಂದಳು. “ಉಳಿದದ್ದಕ್ಕೆಲ್ಲ ನೀವು ಒಂದು ವರ್ಷ ಮನೇಲಿ ಕೂತಿರಿ.” ಆಮೇಲೆ ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾವನ್ನು ಅವನಿಗೆ ಬಗ್ಗಿಸಿಕೊಟ್ಟು, ನಿಕೊದಿಮ್ ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋದಳು. ಬಲಗಡೆ ಪುಟ ಯಾವುದೆಂದು ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು.

ಜನ ಕರಗಿದರು. ಎವ್ಲೋಗಿ ಖಾಲಿ ಮೈದಾನದಲ್ಲಿ ಒಬ್ಬನೇ ಬೂಟಿನ ದಾರ ಬಿಚ್ಚುತ್ತ ಕೂತಿದ್ದ. ಅವನನ್ನು ಪೇಟೆಗೆ ಕರೆದುಕೊಂಡು ಹೋಗೋಣವೆಂದು ನಾನು ಗೇಟಿನ ಹತ್ತಿರ ಕಾಯುತ್ತಿದ್ದೆ. ಆಗ ತೋಶ್ಕೊ ಬಂದ, ಅವನ ಹಿಂದೆ ನೆದ್ಯಾಲ್ಕಾ. ತೋಶ್ಕೊ ಎವ್ಲೋಗಿಯ ಮುಂದೆ ನಿಂತು ಗೋಲಿನ ಕಂಬವನ್ನು ನೋಡಿದ, ಆಕಾಶವನ್ನು ನೋಡಿದ.

“ಕೊನೇದನ್ನ ಕಂಡಿದ್ದೆ ತಾನೆ?” ಎಂದು ಕೇಳಿದ.

“ಕಂಡಿದ್ದೆ, ಭಾವ.”

“ನಾನೂ ಕಂಡೆ. ಆ ದೋಂಚೊನ್ನ ನಾಳೆ ನೋಡ್ಕೋತೀನಿ.” ತೋಶ್ಕೊ ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡ. “ಮನೇಲಿ ಕುರಿಮಾಂಸ ಬೇಯ್ತಿದೆ. ಊಟಕ್ಕೆ ಬಾ.”

ಎವ್ಲೋಗಿ ಎದ್ದ. ನೆದ್ಯಾಲ್ಕಾ ಅವನ ಚೀಲ ಎತ್ತಿಕೊಂಡಳು. ಮೂವರೂ ನಾಲ್ಕು ಹೆಜ್ಜೆ ಹಾಕಿರಬೇಕು, ತೋಶ್ಕೊ ನಿಂತು ಎವ್ಲೋಗಿಯ ಕಡೆ ತಿರುಗಿದ.

“ನಮ್ಮ ಜೊತೆ ಬರಬೇಡ,” ಎಂದ. “ನಾವು ಮುಂದೆ ಹೋಗ್ತೀವಿ. ನೀನು ಹಳ್ಳದ ಕಡೆಯಿಂದ ಸುತ್ತಿ ಹಿಂದಿನ ಬಾಗಿಲಿಂದ ಬಾ. ನಾನೂ ಈ ಊರಲ್ಲಿ ಬಾಳ್ಬೇಕು.”